ಹಳೇ ಗೇಮ್ ಡಿಸ್ಕ್‌ಗಳ ಬ್ಯಾಕಪ್: ಯಾವುದನ್ನು ಇಟ್ಟೆ, ಯಾವುದನ್ನು ಬಿಟ್ಟೆ

ಸಾವಿರಾರು ಗೇಮ್ ತುಂಬಿರುವ ಹಾರ್ಡ್ ಡಿಸ್ಕ್ ಇಟ್ಟುಕೊಂಡವರು ನಮ್ಮ ದಾವಣಗೆರೆಯಲ್ಲೂ ಇದ್ದಾರೆ. ಒಬ್ಬ ಗೆಳೆಯ ಅಂಥದ್ದೊಂದನ್ನು ಸ್ವಲ್ಪ ದಿನ ಇಟ್ಕೋ ಅಂತ ಕೊಟ್ಟಿದ್ದ. ಬೇಸಿಗೆ ರಜೆಗೆ ಚಿತ್ರದುರ್ಗದಿಂದ ಬಂದಿದ್ದ ಅಕ್ಕನ ಮಗನಿಗೆ ಅದನ್ನೇ ಟಿವಿಗೆ ಹಾಕಿಕೊಟ್ಟೆ. ಹುಡುಗ ಪಟ್ಟಿಯನ್ನು ಮೇಲೆ ಕೆಳಗೆ ಓಡಿಸಿದ, ಒಂದು ತೆರೆದ, ಎರಡು ನಿಮಿಷ ಆಡಿದ, ಮುಚ್ಚಿದ, ಇನ್ನೊಂದು ತೆರೆದ. ಕೊನೆಗೆ ಬೇಜಾರಾಗಿ, "ಮಾಮ, ಇದ್ರಾಗೆ ಯಾವ್ದು ಚೆನ್ನಾಗೈತೆ, ಅದನ್ನ ಹೇಳು" ಅಂದ.

ಕೇಳಿದ್ದು ಸರಿಯಾಗಿಯೇ ಇದೆ ಅಲ್ವಾ? ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರುವುದನ್ನೇ ನಾನು ಸಂಗ್ರಹ ಅನ್ನುತ್ತೇನೆ. ಹಾಗಾಗಿ ನನ್ನ ಪಟ್ಟಿ ಚಿಕ್ಕದು. ಜಾಸ್ತಿ ಪ್ಲೇಸ್ಟೇಷನ್ 1 ಮತ್ತು 2, ಬೆರಳೆಣಿಕೆಯಷ್ಟು ಡ್ರೀಮ್‌ಕಾಸ್ಟ್ (ಸೆಗಾ ಕಂಪನಿಯ ಹಳೇ ಗೇಮ್ ಕನ್ಸೋಲ್). ಕಾರ್ಟ್ರಿಡ್ಜ್ ಗೇಮ್‌ಗಳ ತಂಟೆಗೆ ಹೋಗಿಲ್ಲ. ಅವು ತೀರಾ ಚಿಕ್ಕ ಫೈಲ್‌ಗಳು, ಒಂದು ಕನ್ಸೋಲ್‌ನ ಅಷ್ಟೂ ಗೇಮ್ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತವೆ, ಆರಿಸುವ ಕಷ್ಟವೇ ಇಲ್ಲ. ಡಿಸ್ಕ್ ಗೇಮ್ ಹಾಗಲ್ಲ. ಒಂದೊಂದೂ ನೂರಾರು ಎಂಬಿ, ಪಿಎಸ್2 ಬಂದರೆ ಜಿಬಿ ಲೆಕ್ಕ, ಅದರ ಮೇಲೆ ಟ್ರ್ಯಾಕ್, ರೀಜನ್ (ಯಾವ ದೇಶದ ಮಾರುಕಟ್ಟೆಗೆ ಬಂದ ಪ್ರತಿ ಅನ್ನುವುದು), ಎರಡನೇ ಡಿಸ್ಕ್, ಮೂರನೇ ಡಿಸ್ಕ್ ಅಂತ ತಲೆನೋವು ಬೇರೆ.

ನನ್ನ ಮೊದಲ ಜರಡಿ ಕಾನೂನಿನದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52(1)(ಎಎ) ಕಲಂ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ಹಾಳಾದರೆ, ಕಳೆದುಹೋದರೆ ಇರಲಿ ಅಂತ ತಾತ್ಕಾಲಿಕ ರಕ್ಷಣೆಗೆ ಬ್ಯಾಕಪ್ ಮಾಡಿಕೊಳ್ಳಬಹುದು. ಅಷ್ಟೇ. ಹಂಚಬಹುದು ಅಂತ ಅಲ್ಲ, ಮಾರಬಹುದು ಅಂತ ಮೊದಲೇ ಅಲ್ಲ. ಕಾಪಿ ತಡೆಯುವ ಬೀಗ ಮುರಿಯುವ ಬಗ್ಗೆ 2012ರಲ್ಲಿ 65ಎ ಅಂತ ಬೇರೆ ಕಲಂ ಕೂಡ ಸೇರಿದೆ. ಆದ್ದರಿಂದ ನನ್ನ ಕಪಾಟಿನಲ್ಲಿ ಡಿಸ್ಕ್ ಇದ್ದರೆ ಮಾತ್ರ ಫೈಲ್ ಇರುತ್ತದೆ. ಡಿಸ್ಕ್ ಮಾರಿದರೆ ಫೈಲ್ ಅಳಿಸುತ್ತೇನೆ. ಈ ಒಂದು ನಿಯಮದಿಂದಲೇ ಮುಕ್ಕಾಲು ಭಾಗ ಕಸ ಹೊರಗೆ ಹೋಗುತ್ತದೆ.

ಆಮೇಲೆ ಹೊರಗೆ ಹೋದದ್ದು ಬಿಳಿ ಕವರ್‌ನಲ್ಲಿ ಮಾರ್ಕರ್‌ನಿಂದ ಹೆಸರು ಬರೆದ ಕಾಪಿ ಸಿಡಿಗಳು. ನಮ್ಮ ವಯಸ್ಸಿನವರೆಲ್ಲ ಅವುಗಳಲ್ಲೇ ಆಡಿ ದೊಡ್ಡವರಾದದ್ದು, ಅದನ್ನು ಮುಚ್ಚಿಡುವುದೇನಿದೆ. ಆದರೆ ಅವುಗಳ ಬ್ಯಾಕಪ್ ಯಾಕೆ ಬೇಡ ಅನ್ನುವುದಕ್ಕೆ ಕಾನೂನು ಬಿಟ್ಟು ಇನ್ನೊಂದು ಕಾರಣವೂ ಇದೆ. ಡ್ರೀಮ್‌ಕಾಸ್ಟ್‌ನ ಅಸಲಿ ಡಿಸ್ಕ್ ಜಿಡಿ-ರಾಮ್, ಅದರಲ್ಲಿ ಸುಮಾರು 1 ಜಿಬಿ ಹಿಡಿಯುತ್ತದೆ. ಕಾಪಿ ಮಾಡುವವರ ಹತ್ತಿರ ಇದ್ದದ್ದು 700 ಎಂಬಿ ಸಿಡಿ. ಜಾಗ ಸಾಲದಿದ್ದರೆ ವಿಡಿಯೋ ತೆಗೆದರು, ಸಂಗೀತದ ಗುಣಮಟ್ಟ ಇಳಿಸಿದರು, ಕೆಲವು ಕಡೆ ಎರಡೂ ಮಾಡಿದರು. ಪಿಎಸ್2 ಡಿವಿಡಿ ಗೇಮ್‌ಗಳನ್ನು ಸಿಡಿಗೆ ಇಳಿಸಿದ್ದೂ ಹೀಗೇ. ಕಟ್ ಆದ ಗೇಮನ್ನು ಜೋಪಾನ ಮಾಡಿ ಏನು ಪ್ರಯೋಜನ?

ಇನ್ನು ಉಳಿದ ಅಸಲಿ ಡಿಸ್ಕ್‌ಗಳ ಮಾತು. ಮಂಡಕ್ಕಿ-ಮೆಣಸಿನಕಾಯಿ ತಿಂದ ಕೈಯಲ್ಲೇ ಡಿಸ್ಕ್ ಹಿಡಿದ ಕಾಲದವು ಇವು. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದರೆ ಎಣ್ಣೆಯ ಬೆರಳಚ್ಚು ಸಾಲು ಸಾಲಾಗಿ ಕಾಣುತ್ತದೆ, ಯಾವುದು ಅಣ್ಣನ ಹೆಬ್ಬೆರಳು, ಯಾವುದು ನನ್ನದು ಅಂತ ಗುರುತು ಹಿಡಿಯುವಷ್ಟು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಗುಂಡಗೆ ಒರೆಸಬಾರದು, ಯಾಕಂದ್ರೆ ಆಗ ಬೀಳುವ ಗೀರು ಟ್ರ್ಯಾಕ್ ಉದ್ದಕ್ಕೂ ಹೋಗುತ್ತದೆ. ಅಡ್ಡ ಗೀರನ್ನು ಡಿಸ್ಕ್‌ನಲ್ಲೇ ಇರುವ ತಪ್ಪು ತಿದ್ದುವ ಕೋಡ್ ಸರಿದೂಗಿಸುತ್ತದೆ, ಉದ್ದ ಗೀರು ಅದರ ಕೈ ಮೀರುತ್ತದೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ: ಸಿಡಿಯಲ್ಲಿ ಡೇಟಾ ಪದರ ಇರುವುದು ಲೇಬಲ್‌ನ ಸ್ವಲ್ಪ ಕೆಳಗೆ. ಅಡಿಯಲ್ಲಿ ಗೀರಿದ್ದರೆ ಪಾಲಿಶ್ ಮಾಡಿಸಬಹುದು, ಮೇಲಿನ ಚಿತ್ರದ ಕಡೆ ಗೀರಾದರೆ ಕಥೆ ಮುಗಿಯಿತು. ಡಿವಿಡಿ ಈ ವಿಷಯದಲ್ಲಿ ವಾಸಿ, ಅದರಲ್ಲಿ ಡೇಟಾ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುತ್ತದೆ.

ಪಿಎಸ್1 ಡಿಸ್ಕ್‌ನ ಕಪ್ಪು ಬಣ್ಣ ನೋಡಿ ಅದೇ ಕಾಪಿ ತಡೆಯುವ ಬೀಗ ಅಂದುಕೊಂಡವರಿದ್ದಾರೆ. ಕಪ್ಪು ಬರೀ ಶೋಕಿ, ಲೇಸರ್‌ಗೆ ಅದು ಲೆಕ್ಕಕ್ಕಿಲ್ಲ. ನಿಜವಾದ ಬೀಗ ಡಿಸ್ಕ್‌ನ ಒಳ ಅಂಚಿನಲ್ಲಿ ಟ್ರ್ಯಾಕನ್ನು ಬೇಕಂತಲೇ ಒಂಚೂರು ಅಲುಗಿಸಿ ಬರೆದ ರೀಜನ್ ಗುರುತು. ಮನೆಯ ಸಿಡಿ ರೈಟರ್ ಅದನ್ನು ಬರೆಯಲಾರದು. ಹಾಗಾಗಿ ನಾವು ಎಷ್ಟೇ ಚೆನ್ನಾಗಿ ಡಂಪ್ ಮಾಡಿದರೂ, ಅಂದರೆ ಡಿಸ್ಕ್ ಓದಿಸಿ ಫೈಲ್ ಮಾಡಿಕೊಂಡರೂ, ಅದು ಫೈಲ್‌ನಲ್ಲಿ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಹಳೇ ಕನ್ಸೋಲ್ ಥರ ನಡೆದುಕೊಂಡು ಗೇಮ್ ಆಡಿಸುವ ಪ್ರೋಗ್ರಾಂ, ಅಂದರೆ ಎಮ್ಯುಲೇಟರ್‌ಗೆ ಅದು ಬೇಕಾಗಿಯೂ ಇಲ್ಲ.

ಡಂಪ್ ಮಾಡುವಾಗ ಐಎಸ್ಒ ಅನ್ನುವ ಬಗೆಯ ಫೈಲ್ ಮಾಡಬೇಡಿ, ಪಿಎಸ್1 ಗೇಮ್‌ಗಂತೂ ಬೇಡವೇ ಬೇಡ. ಸಿಡಿಯಲ್ಲಿ ಡೇಟಾ ಸೆಕ್ಟರ್ ಅನ್ನುವ ತುಂಡುಗಳಲ್ಲಿ ಇರುತ್ತದೆ, ಒಂದು ಸೆಕ್ಟರ್ ಅಂದರೆ 2352 ಬೈಟ್. ಐಎಸ್ಒ ಅದರಲ್ಲಿ 2048 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಆಫೀಸಿನ ಫೈಲ್ ಸಿಡಿಗೆ ಅದು ಸಾಕು. ಆದರೆ ಪಿಎಸ್1 ಗೇಮ್‌ನ ವಿಡಿಯೋಗಳ ಧ್ವನಿ ಕೂತಿರುವುದು 2324 ಬೈಟ್ ಹಿಡಿಯುವ ಇನ್ನೊಂದು ಬಗೆಯ ಸೆಕ್ಟರ್‌ನಲ್ಲಿ. ಐಎಸ್ಒ ಮಾಡಿದರೆ ಅದು ಕೆಡುತ್ತದೆ. ಸಿಡಿ ಆಡಿಯೋ ಟ್ರ್ಯಾಕ್‌ಗಳಂತೂ ಪೂರ್ತಿ ಮಾಯ. ವೈಪ್ಔಟ್ 2097ನ ಡಿಸ್ಕನ್ನು ಸಂಗೀತ ಇಲ್ಲದೆ ಇಟ್ಟುಕೊಂಡರೆ ಅದು ವೈಪ್ಔಟೇ ಅಲ್ಲ.

ಅದಕ್ಕೇ ಬಿನ್ ಮತ್ತು ಕ್ಯೂ ಜೋಡಿ. ಬಿನ್‌ನಲ್ಲಿ ಡಿಸ್ಕ್‌ನ ಸೆಕ್ಟರ್‌ಗಳೆಲ್ಲ ಇದ್ದ ಹಾಗೇ ಇರುತ್ತವೆ. ಕ್ಯೂ ಅನ್ನುವುದು ಬರೀ ಪಠ್ಯದ ಫೈಲ್, ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ಮೊದಲ ಸಾಲಿನಲ್ಲಿ ಬಿನ್ ಫೈಲ್‌ನ ಹೆಸರು. ಅದರ ಕೆಳಗೆ ಒಂದನೇ ಟ್ರ್ಯಾಕ್ ಡೇಟಾ, ಎರಡನೇ ಟ್ರ್ಯಾಕ್ ಆಡಿಯೋ ಅಂತ ಒಂದೊಂದೇ ಸಾಲು. ಪ್ರತಿ ಟ್ರ್ಯಾಕ್‌ನ ಪಕ್ಕದಲ್ಲಿ 00:02:00 ಅನ್ನುವ ಥರದ ಮೂರು ಜೋಡಿ ಅಂಕಿ ಇರುತ್ತವೆ, ನಿಮಿಷ, ಸೆಕೆಂಡ್, ಫ್ರೇಮ್. ಸೆಕೆಂಡಿಗೆ 75 ಫ್ರೇಮ್, ಒಂದು ಫ್ರೇಮ್‌ಗೆ ಒಂದು ಸೆಕ್ಟರ್. 75ನ್ನು 2352ರಿಂದ ಗುಣಿಸಿ, 1,76,400 ಬೈಟ್ ಬರುತ್ತದೆ. ಆಡಿಯೋ ಸಿಡಿಯ ಲೆಕ್ಕವೂ ಅದೇ: ಸೆಕೆಂಡಿಗೆ 44,100 ಸ್ಯಾಂಪಲ್, ಎರಡು ಚಾನೆಲ್, ಒಂದೊಂದಕ್ಕೆ ಎರಡು ಬೈಟ್. ಈ ಲೆಕ್ಕ ಕೂಡಿ ಬಂದಾಗ ನನಗೆ ಆದ ಖುಷಿ ಮನೆಯಲ್ಲಿ ಯಾರಿಗೂ ಅರ್ಥ ಆಗಲಿಲ್ಲ, ಹೋಗಲಿ ಬಿಡಿ. ಇಲ್ಲಿಂದ ತಿಳಿಯಬೇಕಾದದ್ದು ಇಷ್ಟು: ಬಿನ್ ಫೈಲ್‌ನ ಹೆಸರು ಬದಲಿಸಿದರೆ ಕ್ಯೂ ಒಳಗಿನ ಸಾಲನ್ನೂ ಬದಲಿಸಬೇಕು. "ಬ್ಯಾಕಪ್ ಓಪನ್ ಆಗ್ತಿಲ್ಲ ಅಣ್ಣ" ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ.

ಸಂಗೀತದ ಟ್ರ್ಯಾಕ್ ಇಲ್ಲದ ಗೇಮ್‌ಗೆ ಸಾಮಾನ್ಯ ಡಿವಿಡಿ ಡ್ರೈವ್ ಸಾಕು. ಆಡಿಯೋ ಇದ್ದರೆ ಪ್ರತಿ ಡ್ರೈವ್ ಮಾಡೆಲ್‌ಗೂ ಅದರದೇ ಆದ ಆಫ್‌ಸೆಟ್ ಇರುತ್ತದೆ, ಅಂದರೆ ಓದುವುದನ್ನು ಸ್ವಲ್ಪ ಮುಂಚೆಯೋ ಆಮೇಲೋ ಶುರು ಮಾಡುತ್ತದೆ. ಅದನ್ನು ಸರಿಪಡಿಸುವ ಪ್ರೋಗ್ರಾಂ ಬಳಸಬೇಕು. ಡ್ರೀಮ್‌ಕಾಸ್ಟ್ ಡಿಸ್ಕನ್ನು ಪಿಸಿ ಡ್ರೈವ್‌ಗೆ ಹಾಕಿದರೆ ಹೊರಗಿನ ಹೆಚ್ಚು ಸಾಂದ್ರತೆಯ ಭಾಗ ಕಾಣುವುದೇ ಇಲ್ಲ. ಅದನ್ನು ಕನ್ಸೋಲ್‌ನಿಂದಲೇ ಓದಿಸಿ ಎಸ್‌ಡಿ ಕಾರ್ಡ್‌ಗೆ ಬರೆಸುವುದು ಒಂದು ದಾರಿ. ನಿಧಾನ ಅಂದರೆ ನಿಧಾನ, ಹಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳಬೇಕು.

ಡಂಪ್ ಆದ ಮೇಲೆ ಗೇಮ್ ಓಪನ್ ಆಯಿತು ಅಂತ ಸಮಾಧಾನ ಪಡಬೇಡಿ. ರಿಡಂಪ್ ಅಂತ ಒಂದು ಯೋಜನೆ ಇದೆ. ಜಗತ್ತಿನ ಬೇರೆ ಬೇರೆ ಕಡೆಯ ಜನ ತಮ್ಮ ಡಿಸ್ಕ್‌ಗಳನ್ನು ಓದಿ, ಪ್ರತಿ ಟ್ರ್ಯಾಕ್‌ನ ಸಿಆರ್‌ಸಿ32, ಎಂಡಿ5, ಎಸ್‌ಎಚ್‌ಎ-1 ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಅಲ್ಲಿ ದಾಖಲಿಸಿದ್ದಾರೆ. ನಿಮ್ಮ ಫೈಲ್‌ನ ಚೆಕ್‌ಸಮ್ ಅದಕ್ಕೆ ಹೊಂದಿದರೆ ಡಂಪ್ ಪಕ್ಕಾ. ಹೊಂದದಿದ್ದರೆ ಡಿಸ್ಕ್ ಒರೆಸಿ, ವೇಗ ಕಡಿಮೆ ಮಾಡಿ ಮತ್ತೆ ಓದಿಸಿ.

ಯೂರೋಪಿನ ಪಿಎಸ್1 ಡಿಸ್ಕ್‌ಗಳಿಗೆ ಇನ್ನೊಂದು ಕೊಕ್ಕೆ ಇದೆ. ಗಲ್ಫ್‌ನಲ್ಲಿ ಕೆಲಸ ಮಾಡುತ್ತಿದ್ದ ದೊಡ್ಡಪ್ಪನ ಮಗ ತಂದುಕೊಟ್ಟ ನನ್ನ ಡಿಸ್ಕ್‌ಗಳು ಎಲ್ಲಾ ಪಾಲ್ ರೀಜನ್ನಿನವೇ, ಅಂದರೆ ಯೂರೋಪ್ ಪ್ರತಿಗಳೇ. ಅಂಥ ಕೆಲವು ಗೇಮ್‌ಗಳಲ್ಲಿ ಲಿಬ್‌ಕ್ರಿಪ್ಟ್ ಅನ್ನುವ ರಕ್ಷಣೆ ಇದೆ, ಫೈನಲ್ ಫ್ಯಾಂಟಸಿ 8 ಮತ್ತು 9, ಕ್ರ್ಯಾಶ್ ಟೀಮ್ ರೇಸಿಂಗ್‌ನಲ್ಲಿ ಸಹ. ಸಬ್‌ಚಾನೆಲ್‌ನಲ್ಲಿ, ಅಂದರೆ ಡಿಸ್ಕ್‌ನಲ್ಲಿ ಮುಖ್ಯ ಡೇಟಾ ಜೊತೆಗೆ ಬೇರೆಯಾಗಿ ಬರೆದಿರುವ ಸಣ್ಣ ಮಾಹಿತಿಯಲ್ಲಿ, ಬೇಕಂತಲೇ ಕೆಡಿಸಿದ ಗುರುತುಗಳನ್ನು ಗೇಮ್ ಹುಡುಕುತ್ತದೆ. ಬಿನ್ ಫೈಲ್‌ನಲ್ಲಿ ಸಬ್‌ಚಾನೆಲ್ ಇರುವುದಿಲ್ಲ, ಅದಕ್ಕೆ ಎಸ್‌ಬಿಐ ಅಂತ ಪುಟ್ಟ ಫೈಲ್ ಬೇರೆಯಾಗಿ ಪಕ್ಕದಲ್ಲೇ ಅದೇ ಹೆಸರಿನಲ್ಲಿ ಇರಬೇಕು. ಇಲ್ಲದಿದ್ದರೆ ಶುರುವಾದ ಗೇಮ್ ಮಧ್ಯದಲ್ಲಿ ಕೈಕೊಡುತ್ತದೆ. 2000ದಲ್ಲಿ ಬಂದ ಮೂರನೇ ಸ್ಪೈರೋ ಗೇಮ್ ಇನ್ನೂ ಕಿಲಾಡಿ. ಕಾಪಿ ಅಂತ ಗೊತ್ತಾದರೆ ಅದು ನಿಲ್ಲುವುದಿಲ್ಲ, ಮುಂದೆ ಆಡಲು ಬಿಡುತ್ತದೆ. ಇದು ತಿದ್ದಿದ ಪ್ರತಿ ಇರಬಹುದು ಅಂತ ಜೋಯಿ ಅನ್ನುವ ಪಾತ್ರವೇ ಬಂದು ಹೇಳುತ್ತದೆ. ಆಮೇಲೆ ಒಂದೊಂದಾಗಿ ಕಾಟ ಶುರು, ಕೊನೆಯ ಹೋರಾಟದ ಹೊತ್ತಿಗೆ ಸೇವ್ ಕೂಡ ಹೋಗುತ್ತದೆ. ಹತ್ತು ನಿಮಿಷ ಆಡಿ ನೋಡಿ "ಸರಿ ಇದೆ" ಅನ್ನುವವರಿಗೆ ಇದು ಸಾಕು.

ಹೆಸರಿನ ವಿಷಯದಲ್ಲಿ ನಾನು ಜಾಸ್ತಿ ತಲೆ ಓಡಿಸಲಿಲ್ಲ. ರಿಡಂಪ್ ಪಟ್ಟಿಯಲ್ಲಿರುವ ಹೆಸರನ್ನೇ ಇಡುತ್ತೇನೆ: ಗೇಮ್ ಹೆಸರು, ರೀಜನ್, ಡಿಸ್ಕ್ ಸಂಖ್ಯೆ, ಪರಿಷ್ಕೃತ ಮುದ್ರಣ ಆಗಿದ್ದರೆ ಅದರ ಗುರುತು. ಲೇಬಲ್ ಹರಿದುಹೋಗಿ ಯಾವ ರೀಜನ್ ಅಂತ ಗೊತ್ತಾಗದಿದ್ದರೆ ಡಿಸ್ಕ್ ಒಳಗಿನ ಸಿಸ್ಟಮ್ ಡಾಟ್ ಸಿಎನ್‌ಎಫ್ ಫೈಲ್ ತೆರೆಯಿರಿ. ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಇದ್ದರೆ ಯೂರೋಪ್, ಎಸ್‌ಎಲ್‌ಯುಎಸ್ ಇದ್ದರೆ ಅಮೆರಿಕ, ಎಸ್‌ಎಲ್‌ಪಿಎಸ್ ಇದ್ದರೆ ಜಪಾನ್.

ಒಂದೇ ಗೇಮ್‌ನ ಎರಡು ರೀಜನ್ ಡಿಸ್ಕ್ ಇದ್ದಾಗ ಯಾವುದನ್ನು ಇಡುವುದು? ಇಲ್ಲಿ ಒಂದೇ ಸೂತ್ರ ಇಟ್ಟುಕೊಂಡರೆ ಆಗುವುದಿಲ್ಲ. ಪಾಲ್ ಅಂದರೆ 50 ಹರ್ಟ್ಸ್, ಅಮೆರಿಕ, ಜಪಾನಿನದ್ದು 60. ಕಂಪನಿಯವರು ಸರಿಯಾಗಿ ಹೊಂದಿಸದ ಗೇಮ್ ಪಾಲ್‌ನಲ್ಲಿ ಆರನೇ ಒಂದು ಭಾಗದಷ್ಟು ನಿಧಾನ ಆಗುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಹಾಗಾದರೆ ಅಮೆರಿಕದ್ದೇ ಇಟ್ಟರಾಯಿತು ಅಂತೀರಾ? ಫೈನಲ್ ಫ್ಯಾಂಟಸಿ 10 ತಗೊಳ್ಳಿ. ಪಾಲ್ ಪ್ರತಿ ನಿಧಾನ, ಕಪ್ಪು ಪಟ್ಟಿಯೂ ಇದೆ. ಆದರೆ ಡಾರ್ಕ್ ಏಯಾನ್ ಅನ್ನುವ ಹೆಚ್ಚುವರಿ ಶತ್ರುಗಳು, ಪಾತ್ರಗಳ ಶಕ್ತಿ ಬೆಳೆಸುವ ಎಕ್ಸ್‌ಪರ್ಟ್ ಸ್ಪಿಯರ್ ಗ್ರಿಡ್ ಇರುವುದು ಪಾಲ್‌ನಲ್ಲಿ, ಪಿಎಸ್2ನ ಅಮೆರಿಕ ಪ್ರತಿಯಲ್ಲಿ ಅವು ಇಲ್ಲವೇ ಇಲ್ಲ. ನಾನು ಪಾಲ್ ಇಟ್ಟೆ. ಗ್ರಾನ್ ಟ್ಯುರಿಸ್ಮೋ 2ರ ಕಥೆ ಇನ್ನೊಂದು. ಅಮೆರಿಕದ ಮೊದಲ ಮುದ್ರಣದಲ್ಲಿ ಏನು ಮಾಡಿದರೂ 98.2% ದಾಟುವುದಿಲ್ಲ, ಗೇಮ್‌ನಲ್ಲೇ ದೋಷ. ಪೂರ್ತಿ ಮುಗಿಸುವ ಹಟ ಇದ್ದವರಿಗೆ ಆಮೇಲಿನ ಮುದ್ರಣವೇ ಬೇಕು. ಹೆಸರಿನಲ್ಲಿ ಪರಿಷ್ಕೃತ ಮುದ್ರಣದ ಗುರುತು ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮೂರು ನಾಲ್ಕು ಡಿಸ್ಕ್‌ನ ಗೇಮ್‌ಗಳಿಗೆ ಎಂ3ಯು ಫೈಲ್ ಮಾಡಿ. ಅದರೊಳಗೆ ಒಂದರ ಕೆಳಗೊಂದು ಡಿಸ್ಕ್ ಫೈಲ್‌ಗಳ ಹೆಸರು, ಇಷ್ಟೇ ಕೆಲಸ. ಫೈನಲ್ ಫ್ಯಾಂಟಸಿ 7 ಮೂರು ಡಿಸ್ಕ್, 8 ಮತ್ತು 9 ನಾಲ್ಕು ನಾಲ್ಕು. ಪಟ್ಟಿಯಲ್ಲಿ ಒಂದು ಗೇಮ್‌ಗೆ ಒಂದೇ ಸಾಲು ಕಾಣುತ್ತದೆ, ಡಿಸ್ಕ್ ಬದಲಿಸುವುದೂ ಸುಲಭ.

ಮೆಮೊರಿ ಕಾರ್ಡ್ ಬಗ್ಗೆ ಒಂದು ಮಾತು. ಎಮ್ಯುಲೇಟರ್‌ಗಳಲ್ಲಿ ಪ್ರತಿ ಗೇಮ್‌ಗೂ ಬೇರೆ ಬೇರೆ ಕಾರ್ಡ್ ಕೊಡಬಹುದು, ಅಸಲಿ ಕಾರ್ಡ್‌ನ 15 ಬ್ಲಾಕ್‌ನಲ್ಲಿ ಒದ್ದಾಡಿದವರಿಗೆ ಇದು ಸ್ವರ್ಗ. ಆದರೆ ಮೆಟಲ್ ಗಿಯರ್ ಸಾಲಿಡ್‌ಗೆ ಹಾಗೆ ಮಾಡಬೇಡಿ. ಅದರಲ್ಲಿ ಸೈಕೋ ಮ್ಯಾಂಟಿಸ್ ಅನ್ನುವವನು ನಿಮ್ಮ ಕಾರ್ಡ್ ಓದಿ, ಕೊನಾಮಿಯ ಬೇರೆ ಯಾವ ಗೇಮ್ ಆಡಿದ್ದೀರಿ ಅಂತ ಹೇಳುತ್ತಾನೆ. ಖಾಲಿ ಕಾರ್ಡ್ ಕೊಟ್ಟರೆ ಅವನೇನು ಹೇಳಬೇಕು ಪಾಪ. ಅದಕ್ಕೆ ಕ್ಯಾಸಲ್‌ವೇನಿಯಾ, ಸುಯಿಕೋಡೆನ್ ಸೇವ್‌ಗಳನ್ನೂ ಅದೇ ಕಾರ್ಡ್‌ನಲ್ಲಿ ಇಟ್ಟಿದ್ದೇನೆ. ಇದೇ ಗೇಮ್‌ನಲ್ಲಿ ಮೆರಿಲ್ ಅನ್ನುವ ಪಾತ್ರದ ರೇಡಿಯೋ ಫ್ರೀಕ್ವೆನ್ಸಿ ಸಿಡಿ ಕೇಸ್‌ನ ಹಿಂದೆ ಇದೆ ಅಂತ ಹೇಳುತ್ತಾರೆ. ಗೇಮ್ ಒಳಗಿನ ಕೇಸ್ ಅಲ್ಲ, ನಿಮ್ಮ ಕೈಯಲ್ಲಿರುವ ಕೇಸ್! ಅಲ್ಲಿನ ಫೋಟೋದಲ್ಲಿ 140.15 ಕಾಣುತ್ತದೆ. ಕೇಸ್‌ನ ಸ್ಕ್ಯಾನ್ ಇಲ್ಲದ ಬ್ಯಾಕಪ್ ಅರ್ಧ ಬ್ಯಾಕಪ್ ಅಂತ ನನಗೆ ಅನಿಸಿದ್ದು ಅಲ್ಲೇ. ಎಲ್ಲಾ ಕೇಸ್‌ಗಳ ಹಿಂದು ಮುಂದು, ಮ್ಯಾನುಯಲ್‌ಗಳನ್ನೂ ಅಶೋಕ ರಸ್ತೆ ಕಡೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಅಂಗಡಿಯವರು ಒಂದೊಂದನ್ನೂ ತಿರುಗಿಸಿ ನೋಡಿ, "ಏನ್ ಸರ, ಇವು ಯಾವ ಸರ್ಟಿಫಿಕೇಟು?" ಅಂದರು.

ಚೆಕ್‌ಸಮ್ ಹೊಂದಿದ ಮೇಲಷ್ಟೇ ಕುಗ್ಗಿಸುವುದು. ಸಿಎಚ್‌ಡಿ ನನ್ನ ಆಯ್ಕೆ. ಮೇಮ್ ಎಮ್ಯುಲೇಟರ್‌ನವರು ಮಾಡಿದ ಫಾರ್ಮ್ಯಾಟ್ ಇದು. ಹತ್ತಾರು ಬಿನ್ ಫೈಲ್ ಮತ್ತು ಕ್ಯೂ ಸೇರಿ ಒಂದೇ ಫೈಲ್ ಆಗುತ್ತದೆ, ಡೇಟಾ ಒಂಚೂರೂ ಕಳೆಯುವುದಿಲ್ಲ, ಬೇಕಾದಾಗ ಮತ್ತೆ ಬಿನ್ ಮಾಡಿಕೊಳ್ಳಬಹುದು. ಎಷ್ಟು ಕುಗ್ಗುತ್ತದೆ ಅನ್ನುವುದು ಗೇಮ್ ಮೇಲೆ ಹೋಗುತ್ತದೆ. ವಿಡಿಯೋ ತುಂಬಿದ್ದು ಹಟ ಮಾಡುತ್ತದೆ, ಖಾಲಿ ಜಾಗ ತುಂಬಿಸಿದ ಡಿಸ್ಕ್ ಚಟ್ಟನೆ ಕುಗ್ಗುತ್ತದೆ. ಕುಗ್ಗಿಸುವ ಮುಂಚೆ ಪ್ರತಿ ಟ್ರ್ಯಾಕ್‌ನ ಚೆಕ್‌ಸಮ್ ಪಟ್ಟಿಯನ್ನು ಒಂದು ಪಠ್ಯ ಫೈಲ್‌ನಲ್ಲಿ ಉಳಿಸಿಕೊಳ್ಳಿ, ಆಮೇಲೆ ಸಿಎಚ್‌ಡಿಯನ್ನು ನೇರವಾಗಿ ರಿಡಂಪ್ ಪಟ್ಟಿಗೆ ಹೋಲಿಸಲು ಆಗುವುದಿಲ್ಲ. ಎಸ್‌ಬಿಐ ಫೈಲನ್ನು ಸಿಎಚ್‌ಡಿ ಪಕ್ಕದಲ್ಲೇ ಬಿಡಿ.

ಫೋಲ್ಡರ್ ಮಾಡುವಾಗ ಎಲ್ಲರೂ ಅಕ್ಷರ ಕ್ರಮವನ್ನೋ ರೇಸಿಂಗ್, ಫೈಟಿಂಗ್ ಅನ್ನುವ ವಿಂಗಡಣೆಯನ್ನೋ ಹಿಡಿಯುತ್ತಾರೆ. ಕನ್ಸೋಲ್‌ಗೆ ಒಂದು ಫೋಲ್ಡರ್ ಅನ್ನುವವರೆಗೆ ನಾನೂ ಹಾಗೇ. ಅದರ ಮೇಲೆ ಕಾಣುವ ಪಟ್ಟಿಗಳನ್ನು ಮಾತ್ರ ಆಡುವವರನ್ನು ನೋಡಿ ಮಾಡಿದ್ದೇನೆ. "ಇಬ್ಬರು ಕೂತು ಆಡೋದು" ಅಂತ ಒಂದು, ಅದರಲ್ಲಿ ಟೆಕ್ಕೆನ್ 3, ಕ್ರ್ಯಾಶ್ ಟೀಮ್ ರೇಸಿಂಗ್. "ಊಟಕ್ಕೆ ಕರೆಯೋ ಮುಂಚೆ" ಅಂತ ಇನ್ನೊಂದು, ಅರ್ಧ ಗಂಟೆಯಲ್ಲಿ ಮುಗಿಯುವಂಥವು. "ರಜೆ ಬೇಕು" ಅನ್ನುವುದರಲ್ಲಿ ಫೈನಲ್ ಫ್ಯಾಂಟಸಿಗಳೆಲ್ಲ. ರಿಡ್ಜ್ ರೇಸರ್ ಯಾವ ಪಟ್ಟಿಗೂ ಸರಿಯಾಗಿ ಕೂರಲಿಲ್ಲ. ಆ ಗೇಮ್ ಪೂರ್ತಿ ಮೆಮೊರಿಗೆ ಏರಿಬಿಡುತ್ತದೆ, ಆಮೇಲೆ ಡಿಸ್ಕ್ ತೆಗೆದು ನಿಮ್ಮದೇ ಹಾಡಿನ ಸಿಡಿ ಹಾಕಿ ಅದರ ತಾಳಕ್ಕೆ ಕಾರು ಓಡಿಸಬಹುದು. ಹಳೇ ಕನ್ನಡ ಭಾವಗೀತೆಗೆ ರೇಸ್ ಆಡಿ ನೋಡಿ, ಮಜಾ ಇದೆ. ಅದಕ್ಕೋಸ್ಕರ ಒಂದೇ ಗೇಮ್‌ನ ಪಟ್ಟಿ.

ಇಟ್ಟ ಮೇಲೂ ತೆಗೆಯುತ್ತಾ ಇರಬೇಕು. ಒಂದೇ ಕ್ರೀಡೆಯ ಗೇಮ್ ವರ್ಷಕ್ಕೊಂದರಂತೆ ಬಂದಿದ್ದರೆ ಒಂದನ್ನು ಮಾತ್ರ ಉಳಿಸುತ್ತೇನೆ. ಹೆಸರು ದೊಡ್ಡದು ಅಂತ ಇಟ್ಟು ಯಾರೂ ಮುಟ್ಟದ್ದು ಹೊರಗೆ. ಡಿಸ್ಕ್ ಹೇಗೂ ಕಪಾಟಿನಲ್ಲಿದೆ, ಬೇಕಾದರೆ ಮತ್ತೆ ಓದಿಸಿದರಾಯಿತು.

ಈ ನಿಯಮ ನಾನೇ ಮುರಿದಿರುವುದು ನಮ್ಮ ದೇಶದಲ್ಲಿ ತಯಾರಾದ ಪಿಎಸ್2 ಗೇಮ್‌ಗಳಿಗೆ. 2009ರ ಹನುಮಾನ್: ಬಾಯ್ ವಾರಿಯರ್, ಹೈದರಾಬಾದಿನವರು ಮಾಡಿದ್ದು. ಅದೇ ವರ್ಷದ ದೇಸಿ ಅಡ್ಡಾ, ಅದರಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು. 2013ರ ಡಾನ್ 2, ಸೋನಿ ಪಿಎಸ್2 ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದೂ ಅದೇ ವರ್ಷದ ಜನವರಿಯಲ್ಲಿ. ಆಟವಾಗಿ ಇವು ಚೆನ್ನಾಗಿವೆಯಾ? ನಿಜ ಹೇಳಬೇಕಂದ್ರೆ ಇಲ್ಲ. ಹನುಮಾನ್ ಆಡುತ್ತಾ ಅಕ್ಕನ ಮಗ ಆಕಳಿಸಿದ. ಆದರೂ ಇವು ಇರುತ್ತವೆ. ಫೈನಲ್ ಫ್ಯಾಂಟಸಿಯನ್ನು ಜೋಪಾನ ಮಾಡಲು ಜಗತ್ತಿನ ತುಂಬಾ ಜನ ಇದ್ದಾರೆ, ಚಿನ್ನಿದಾಂಡು ಇರುವ ಪಿಎಸ್2 ಡಿಸ್ಕನ್ನು ನಾವಲ್ಲದೆ ಇನ್ಯಾರು ಇಡುತ್ತಾರೆ?

ಎಲ್ಲವೂ ಎರಡು ಹಾರ್ಡ್ ಡಿಸ್ಕ್‌ನಲ್ಲಿದೆ, ಒಂದು ಇಲ್ಲಿ, ಇನ್ನೊಂದು ದುರ್ಗದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ. ಎಫ್‌ಎಟಿ32 ಫಾರ್ಮ್ಯಾಟ್ ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಗಾಡ್ ಆಫ್ ವಾರ್ 2 ಎರಡು ಪದರದ ಡಿವಿಡಿ, ಗತಿ ಏನು? ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಯುಪಿಎಸ್ ಇಲ್ಲದೆ ಕಾಪಿ ಹಚ್ಚಬೇಡಿ. ಅರ್ಧ ಬರೆದ ಫೈಲ್ ಕೆಲವೊಮ್ಮೆ ಹೆಸರು, ಗಾತ್ರ ಎರಡರಲ್ಲೂ ಸರಿಯಾಗೇ ಕಾಣುತ್ತದೆ, ಚೆಕ್‌ಸಮ್ ನೋಡಿದಾಗಲೇ ಬಣ್ಣ ಬಯಲು. ಅಸಲಿ ಡಿಸ್ಕ್‌ಗಳನ್ನು ಅಟ್ಟದ ಮೇಲೆ ಇಡಬೇಡಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಆರ್‌ಸಿಸಿ ಕೆಳಗೆ ಹೇಗೆ ಕುದಿಯುತ್ತದೆ ಅಂತ ಗೊತ್ತಲ್ಲ.

ದಾವಣಗೆರೆ, ದುರ್ಗ, ಹರಿಹರ ಕಡೆ ಯಾರ ಮನೆಯಲ್ಲಾದರೂ ಹಳೇ ಪಿಎಸ್2 ಅಸಲಿ ಡಿಸ್ಕ್‌ಗಳು, ಅದರಲ್ಲೂ ನಮ್ಮವರು ಮಾಡಿದ ಗೇಮ್‌ಗಳು ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಡ್ರೈವ್, ಲ್ಯಾಪ್‌ಟಾಪ್ ತಗೊಂಡು ನಾನೇ ಬರುತ್ತೇನೆ, ಡಂಪ್ ಮಾಡಿ ಡಿಸ್ಕ್, ಫೈಲ್ ಎರಡನ್ನೂ ನಿಮಗೇ ಕೊಡುತ್ತೇನೆ. ಮಾರುವ ಮನಸ್ಸಿದ್ದರೆ ರೇಟ್ ಮಾತಾಡೋಣ.